ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ ಮೇಲೆ ಕಂಪ್ಯೂಟರಿನಲ್ಲಿ ಧ್ವನಿ ಇಲ್ಲ. ನಾಳೆ ಬೆಳಿಗ್ಗೆ ಆರಕ್ಕೆ ಸಂಗೀತದ ಪಾಠವಿದೆ

ಷಡ್ಜ · ಶನಿವಾರ, ಮಧ್ಯಾಹ್ನ 3.10

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಹಿಂದೂಸ್ತಾನಿ ಗಾಯನವನ್ನು ಕಲಿಸುತ್ತೇನೆ. ಕೆಲವು ವರ್ಷಗಳಿಂದ ಹೊರದೇಶದ ಮಕ್ಕಳಿಗೂ ಅಂತರ್ಜಾಲದ ಮೂಲಕ ಪಾಠ ನಡೆಯುತ್ತಿದೆ. ನಮ್ಮ ತಮ್ಮನ ಮಗ ವಿಡಿಯೋ ಸಂಕಲನ ಕಲಿಯಬೇಕೆಂದು ಕೇಳಿದ್ದರಿಂದ ನಿನ್ನೆ ಸಂಜೆ ಅಂಗಡಿಯಿಂದ ಒಬ್ಬರು ಮನೆಗೆ ಬಂದು ಗ್ರಾಫಿಕ್ಸ್ ಕಾರ್ಡ್ ಅಳವಡಿಸಿದರು. ಅದರ ಜೊತೆಗೆ ಹೊಸ ಮಾನಿಟರನ್ನೂ ಎಚ್‌ಡಿಎಂಐ ಕೇಬಲ್ ಮೂಲಕ ಜೋಡಿಸಿಕೊಟ್ಟರು. ಚಿತ್ರ ಸೊಗಸಾಗಿ ಬರುತ್ತಿದೆ. ಆದರೆ ಅವರು ಹೊರಟುಹೋದ ಮೇಲೆ ನೋಡಿದರೆ ಸ್ಪೀಕರಿನಿಂದ ಒಂದು ಸ್ವರವೂ ಬರುತ್ತಿಲ್ಲ.

ಸ್ಪೀಕರ್ ಕೆಟ್ಟಿಲ್ಲ, ಅದರ ಪಿನ್ ತೆಗೆದು ಫೋನಿಗೆ ಚುಚ್ಚಿದಾಗ ಸರಿಯಾಗಿಯೇ ಹಾಡುತ್ತದೆ. ಧ್ವನಿಯ ಗುರುತಿನ ಮೇಲೆ ಅಡ್ಡಗೆರೆಯಿಲ್ಲ, ಮಟ್ಟ ನೂರಕ್ಕೆ ಇದೆ. ಕಂಪ್ಯೂಟರನ್ನು ಮೂರು ಸಲ ಆರಿಸಿ ಹಚ್ಚಿದ್ದೇನೆ. ಅಂಗಡಿಯವರಿಗೆ ಫೋನ್ ಮಾಡಿದರೆ, "ಕಾರ್ಡಿಗೂ ಸೌಂಡಿಗೂ ಸಂಬಂಧವಿಲ್ಲ ಸರ್, ಮದರ್‌ಬೋರ್ಡ್ ಹೋಗಿರಬೇಕು" ಎಂದರು. ನಾಳೆ ಬೆಳಿಗ್ಗೆ ಆರಕ್ಕೆ, ಎಂದರೆ ನ್ಯೂಜೆರ್ಸಿಯಲ್ಲಿ ಶನಿವಾರ ರಾತ್ರಿ ಎಂಟೂವರೆಗೆ, ಇಬ್ಬರು ಮಕ್ಕಳ ಪಾಠವಿದೆ. ವಿಂಡೋಸ್ 11 ಇದೆ. ದಯವಿಟ್ಟು ದಾರಿ ತೋರಿಸಿ.

ವೇಗದೂತ · 3.16

ವಿಂಡೋಸನ್ನು ಮೊದಲಿನಿಂದ ಹಾಕಿಸಿಬಿಡಿ. ಎರಡು ಗಂಟೆಯ ಕೆಲಸ, ಎಲ್ಲವೂ ಸರಿಹೋಗುತ್ತದೆ.

ರಿಪೇರಿ ಮೇಜು · 3.31

ವೇಗದೂತ ಅವರೇ, ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ನಾಳೆ ಬೆಳಿಗ್ಗೆ ಪಾಠವಿರುವವರಿಗೆ ಇದನ್ನು ಹೇಳಲೇಬಾರದು. ಮೊದಲಿನಿಂದ ಹಾಕಿದರೂ ಅದೇ ಕಾರ್ಡ್, ಅದೇ ಮಾನಿಟರ್, ಅದೇ ಕೇಬಲ್ ಅಲ್ಲಿಯೇ ಇರುವುದರಿಂದ ಇದೇ ತೊಂದರೆ ಮತ್ತೆ ಬರುವ ಸಂಭವವಿದೆ.

ಷಡ್ಜ ಅವರೇ, ಕಾರ್ಡಿಗೂ ಧ್ವನಿಗೂ ಸಂಬಂಧವಿಲ್ಲ ಎಂಬ ಮಾತು ತಪ್ಪು. ಎಚ್‌ಡಿಎಂಐ ಕೇಬಲ್ ಚಿತ್ರವನ್ನು ಮಾತ್ರವಲ್ಲ, ಧ್ವನಿಯನ್ನೂ ಒಯ್ಯುತ್ತದೆ. ಅದಕ್ಕಾಗಿ ಇಂದಿನ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಧ್ವನಿಯದೇ ಒಂದು ಸಣ್ಣ ಭಾಗವಿರುತ್ತದೆ. ಕಾರ್ಡಿನ ಡ್ರೈವರ್, ಎಂದರೆ ಅದನ್ನು ನಡೆಸುವ ತಂತ್ರಾಂಶ, ಹಾಕಿದಾಗ ಅದರ ಧ್ವನಿಯ ಡ್ರೈವರ್ ಕೂಡ ಜೊತೆಯಲ್ಲೇ ಬರುತ್ತದೆ. ಆಗ ವಿಂಡೋಸ್ "ಹೊಸ ಧ್ವನಿ ಸಾಧನ ಬಂದಿದೆ" ಎಂದು ತಿಳಿದು ಎಷ್ಟೋ ಸಲ ಅದನ್ನೇ ಮುಖ್ಯ ಸಾಧನವನ್ನಾಗಿ ಮಾಡಿಕೊಳ್ಳುತ್ತದೆ. ಅನೇಕ ಮಾನಿಟರುಗಳಲ್ಲಿ ಸ್ಪೀಕರೇ ಇರುವುದಿಲ್ಲ, ಹಿಂಬದಿಯಲ್ಲಿ ಇಯರ್‌ಫೋನಿನ ಒಂದು ತೂತು ಮಾತ್ರ ಇರುತ್ತದೆ. ಆದರೂ ಅವು ತಮಗೆ ಧ್ವನಿ ಬೇಕೆಂದು ಕಾರ್ಡಿಗೆ ತಿಳಿಸುತ್ತವೆ. ನಿಮ್ಮ ಧ್ವನಿ ನಿಂತಿಲ್ಲ, ಬೇರೆ ಕಡೆಗೆ ಹರಿದುಹೋಗುತ್ತಿದೆ ಎಂಬುದು ನನ್ನ ಅಂದಾಜು. ಆದ್ದರಿಂದ ಏನನ್ನೂ ಕಿತ್ತು ಹಾಕುವ ಮೊದಲು ಅದು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ನೋಡೋಣ.

ಕೀಲಿಮಣೆಯಲ್ಲಿ ವಿಂಡೋಸ್ ಗುಂಡಿಯ ಜೊತೆ ಆರ್ ಒತ್ತಿ. ಬರುವ ಸಣ್ಣ ಚೌಕದಲ್ಲಿ ಎಂ, ಎಂ, ಎಸ್, ವೈ, ಎಸ್, ಆಮೇಲೆ ಒಂದು ಚುಕ್ಕಿ, ನಂತರ ಸಿ, ಪಿ, ಎಲ್ ಎಂದು ನಡುವೆ ಜಾಗ ಬಿಡದೆ ಇಂಗ್ಲಿಷಿನಲ್ಲಿ ಬರೆದು ಎಂಟರ್ ಮಾಡಿ. ಹಳೆಯ ಸೌಂಡ್ ಫಲಕ ತೆರೆದುಕೊಳ್ಳುತ್ತದೆ. ಅದರ ಪ್ಲೇಬ್ಯಾಕ್ ಪುಟದಲ್ಲಿ ಏನೇನು ಕಾಣುತ್ತದೆ, ಯಾವುದರ ಮೇಲೆ ಹಸಿರು ಟಿಕ್ ಇದೆ ಎಂಬುದನ್ನು ಇಲ್ಲಿ ಬರೆಯಿರಿ. ಆ ಫಲಕವನ್ನು ತೆರೆದಿಟ್ಟುಕೊಂಡೇ ಯಾವುದಾದರೂ ಹಾಡು ಹಚ್ಚಿ; ಯಾವ ಸಾಧನದ ಪಕ್ಕದ ಪಟ್ಟಿ ಹಸಿರಾಗಿ ಏರಿಳಿಯುತ್ತದೆಯೋ ಧ್ವನಿ ಅಲ್ಲಿಗೆ ಹೋಗುತ್ತಿದೆ ಎಂದು ಅರ್ಥ.

ಹೊಸಪೇಟೆ ಹುಡುಗ · 3.38

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಕಂಪ್ಯೂಟರನ್ನು ಟಿ.ವಿ.ಗೆ ಜೋಡಿಸಿದ ದಿನ ಇಲ್ಲಿ ಧ್ವನಿ ಇಲ್ಲವೆಂದು ನಾನು ಡ್ರೈವರುಗಳನ್ನೆಲ್ಲ ಕಿತ್ತು ಹಾಕುತ್ತಿದ್ದೆ, ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಅಜ್ಜಿ, "ಟಿ.ವಿ.ಯಲ್ಲಿ ಯಾರೋ ಇಂಗ್ಲಿಷ್ ಮಾತಾಡುತ್ತಿದ್ದಾರೆ, ಸಣ್ಣ ಮಾಡು" ಎಂದರು. ಗುರುಗಳೇ, ಫಲಕ ತೆರೆಯುವುದು ಕಷ್ಟವಾದರೆ ವಿಂಡೋಸ್, ಕಂಟ್ರೋಲ್, ವಿ ಈ ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿ. ವಿಂಡೋಸ್ 11ರಲ್ಲಿ ಧ್ವನಿ ಎಲ್ಲಿಗೆ ಹೋಗಬೇಕೆಂದು ಆರಿಸುವ ಪಟ್ಟಿ ನೇರವಾಗಿ ಬರುತ್ತದೆ.

ಬೆಸುಗೆ · 3.52

ಎಲ್ಲರೂ ಸಾಫ್ಟ್‌ವೇರಿನ ಕಡೆಗೇ ಹೋಗುತ್ತಿದ್ದೀರಿ. ಕ್ಯಾಬಿನೆಟ್ ಬಿಚ್ಚಿ ಕಾರ್ಡ್ ಕೂರಿಸಿದ್ದಾರೆ ಎಂದಮೇಲೆ ಒಳಗಿನ ತಂತಿ ಸಡಿಲವಾಗಿರಬಹುದು ಅಥವಾ ಹಿಂದಿನ ಪಿನ್ನುಗಳನ್ನು ತೆಗೆದು ಮತ್ತೆ ಚುಚ್ಚುವಾಗ ಅದಲುಬದಲಾಗಿರಬಹುದು. ನನ್ನ ಅನುಭವದಲ್ಲಿ ಅರ್ಧದಷ್ಟು ದೂರುಗಳು ಇಂಥವೇ. ಸ್ಪೀಕರಿನ ಪಿನ್ ಎಲ್ಲಿದೆ, ಯಾವ ಬಣ್ಣದ ತೂತಿನಲ್ಲಿದೆ ಎಂಬುದನ್ನು ಮೊದಲು ಕೇಳಬೇಕು. ಹಸಿರು ತೂತು ಸ್ಪೀಕರಿಗೆ, ಗುಲಾಬಿ ಮೈಕಿಗೆ, ನೀಲಿ ಹೊರಗಿನ ಧ್ವನಿಯನ್ನು ಒಳಗೆ ತೆಗೆದುಕೊಳ್ಳುವುದಕ್ಕೆ. ಬಣ್ಣಗಳ ಈ ಒಪ್ಪಂದ ಪಿಸಿ 99 ಎಂಬ ಮಾರ್ಗಸೂಚಿಯ ಕಾಲದಿಂದಲೂ ನಡೆದುಬಂದಿದೆ.

ಕ್ಯಾಬಿನೆಟ್ಟಿನ ಮುಂಭಾಗದ ತೂತುಗಳನ್ನು ಬಳಸುವವರು ಇನ್ನೊಂದನ್ನೂ ನೋಡಬೇಕು. ಹಳೆಯ ಕ್ಯಾಬಿನೆಟ್ಟುಗಳಲ್ಲಿ ಒಂದೇ ತಂತಿಯ ತುದಿಗೆ ಎರಡು ಕನೆಕ್ಟರುಗಳು ಜೋತಾಡುತ್ತಿರುತ್ತವೆ, ಒಂದರ ಮೇಲೆ ಎಚ್‌ಡಿ ಆಡಿಯೋ, ಇನ್ನೊಂದರ ಮೇಲೆ ಎಸಿ 97 ಎಂದು ಬರೆದಿರುತ್ತದೆ. 2004ರ ನಂತರದ ಇಂಟೆಲ್ ಎಚ್‌ಡಿ ಆಡಿಯೋ ಕ್ರಮದಲ್ಲಿ ಪಿನ್ ಚುಚ್ಚಿದೆಯೋ ಇಲ್ಲವೋ ಎಂಬುದನ್ನು ಮದರ್‌ಬೋರ್ಡ್ ತಾನೇ ಪತ್ತೆ ಮಾಡುತ್ತದೆ. ಅದಕ್ಕಿಂತ ಹಳೆಯ ಕ್ರಮದ ಎಸಿ 97 ತುದಿಯನ್ನು ಚುಚ್ಚಿಬಿಟ್ಟರೆ ಆ ಪತ್ತೆ ಸರಿಯಾಗಿ ನಡೆಯುವುದಿಲ್ಲ.

ರಿಪೇರಿ ಮೇಜು · 3.58

ಬೆಸುಗೆ ಅವರ ಮಾತು ಸರಿ, ಅದನ್ನೂ ನೋಡಲೇಬೇಕು. ಆದರೂ ಫಲಕ ನೋಡುವುದು ಎರಡು ನಿಮಿಷದ ಕೆಲಸ. ಕ್ಯಾಬಿನೆಟ್ ಬಿಚ್ಚುವುದು ಆಮೇಲೆ.

ಷಡ್ಜ · 4.25

ಫಲಕ ತೆರೆದೆ. ಅಲ್ಲಿ ಒಂದೇ ಒಂದು ಸಾಧನವಿದೆ, ಅದು ಹೊಸ ಮಾನಿಟರಿನ ಹೆಸರು. ಅದರ ಮೇಲೆಯೇ ಹಸಿರು ಟಿಕ್ ಇದೆ. ತಂಬೂರಿಯ ಆ್ಯಪ್ ಹಚ್ಚಿದೆ. ಕೋಣೆಯಲ್ಲಿ ನಿಶ್ಶಬ್ದ, ಆದರೆ ಮಾನಿಟರಿನ ಹೆಸರಿನ ಪಕ್ಕದಲ್ಲಿ ಹಸಿರು ಗೆರೆಗಳು ಏರುತ್ತಿವೆ, ಇಳಿಯುತ್ತಿವೆ. ಪಂಚಮ, ಷಡ್ಜ, ಷಡ್ಜ, ಖರ್ಜ ಎಂದು ಒಂದೊಂದು ತಂತಿ ಮೀಟುವುದು ಕಣ್ಣಿಗೇ ಕಾಣುತ್ತಿದೆ. ಕಿವಿಗೆ ಕೇಳದ ತಂಬೂರಿಯನ್ನು ನಾನು ನೋಡಿದ್ದು ಇದೇ ಮೊದಲು.

ಆದರೆ ಸ್ಪೀಕರ್ ಎಂಬ ಹೆಸರು ಪಟ್ಟಿಯಲ್ಲೇ ಇಲ್ಲ. ಹಾಗಾದರೆ ಮದರ್‌ಬೋರ್ಡ್ ನಿಜವಾಗಿಯೂ ಹೋಗಿದೆಯೇ?

ರಿಪೇರಿ ಮೇಜು · 4.31

ಇಲ್ಲ, ಅಷ್ಟು ಬೇಗ ಹೆದರಬೇಡಿ. ಆ ಪಟ್ಟಿಯ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ. ನಿಷ್ಕ್ರಿಯವಾದ ಸಾಧನಗಳನ್ನು ತೋರಿಸು, ಸಂಪರ್ಕ ತಪ್ಪಿದ ಸಾಧನಗಳನ್ನು ತೋರಿಸು ಎಂಬ ಅರ್ಥದ ಎರಡು ಸಾಲುಗಳು ಇಂಗ್ಲಿಷಿನಲ್ಲಿ ಬರುತ್ತವೆ. ಎರಡಕ್ಕೂ ಟಿಕ್ ಹಾಕಿ. ಸ್ಪೀಕರಿನ ಹೆಸರು ಮಸುಕಾಗಿ ಬಂದು ಅದರ ಕೆಳಗೆ "ನಾಟ್ ಪ್ಲಗ್ಡ್ ಇನ್" ಎಂದಿದ್ದರೆ ಬೆಸುಗೆ ಅವರು ಗೆದ್ದರು, ಪಿನ್ ತಪ್ಪು ತೂತಿನಲ್ಲಿದೆ. "ಡಿಸೇಬಲ್ಡ್" ಎಂದಿದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಎನೇಬಲ್ ಮಾಡಿ. ಹೆಸರೇ ಬರದಿದ್ದರೆ ವಿಂಡೋಸಿನ ಸಾಧನಗಳ ಪಟ್ಟಿಯಾದ ಡಿವೈಸ್ ಮ್ಯಾನೇಜರ್ ನೋಡಬೇಕು, ಅಲ್ಲಿಯೂ ಇಲ್ಲದಿದ್ದರೆ ಬಯಾಸ್ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗುಗಳು) ಒಳಗೆ ಮದರ್‌ಬೋರ್ಡಿನ ಆಡಿಯೋ ಆಫ್ ಆಗಿದೆಯೇ ಎಂದು ನೋಡಬೇಕು.

ವೇಗದೂತ · 4.36

ನೆಟ್‌ನಲ್ಲಿ ಎಲ್ಲ ಡ್ರೈವರುಗಳನ್ನೂ ತಾನಾಗಿಯೇ ಹುಡುಕಿ ಹಾಕುವ ಉಚಿತ ತಂತ್ರಾಂಶಗಳಿವೆ. ಒಂದನ್ನು ಇಳಿಸಿಕೊಂಡರೆ ಇಷ್ಟೆಲ್ಲ ಹುಡುಕಾಟ ಬೇಕಾಗುವುದಿಲ್ಲವಲ್ಲ.

ಬೆಸುಗೆ · 4.40

ದಯವಿಟ್ಟು ಬೇಡ. ಅಂಥ ತಂತ್ರಾಂಶಗಳು ಹೊಂದದ ಡ್ರೈವರುಗಳನ್ನು ಹಾಕಿಬಿಡುವುದನ್ನೂ, ಬೇಡದ ಇನ್ನೆರಡು ಪ್ರೋಗ್ರಾಂಗಳನ್ನು ಜೊತೆಗೆ ತರುವುದನ್ನೂ ನಾನು ಬೇಕಾದಷ್ಟು ಕಂಡಿದ್ದೇನೆ. ಧ್ವನಿಯ ಡ್ರೈವರ್ ಬೇಕಾದರೆ ಮದರ್‌ಬೋರ್ಡ್ ಮಾಡಿದ ಕಂಪನಿಯ ತಾಣದಲ್ಲಿ ಅದೇ ಮಾದರಿಯ ಸಂಖ್ಯೆಯನ್ನು ಕೊಟ್ಟು ಇಳಿಸಿಕೊಳ್ಳಬೇಕು. ಮಾದರಿ ಸಂಖ್ಯೆ ಬೋರ್ಡಿನ ಮೇಲೆಯೇ ಅಚ್ಚಾಗಿರುತ್ತದೆ. ಲ್ಯಾಪ್‌ಟಾಪ್ ಆದರೆ ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ.

ಷಡ್ಜ · 5.05

ಸ್ಪೀಕರಿನ ಹೆಸರು ಬಂತು! ಮಸುಕಾಗಿ, ಕೆಳಗೆ "ನಾಟ್ ಪ್ಲಗ್ಡ್ ಇನ್" ಎಂದೇ ಇತ್ತು. ತಮ್ಮನ ಮಗ ಮೇಜಿನ ಕೆಳಗೆ ತೂರಿ ಫೋನಿನ ಬೆಳಕು ಬಿಟ್ಟು ನೋಡಿದ. ಸ್ಪೀಕರಿನ ಪಿನ್ ನೀಲಿ ತೂತಿನಲ್ಲಿತ್ತು, ಹಸಿರು ತೂತು ಪಕ್ಕದಲ್ಲೇ ಖಾಲಿ ಇತ್ತು. ಬದಲಾಯಿಸಿದ ಕೂಡಲೇ ಫಲಕದಲ್ಲಿ ಹೆಸರು ಕಪ್ಪಾಗಿ ಕಾಣಿಸಿಕೊಂಡಿತು, ಆದರೂ ಧ್ವನಿ ಬರಲಿಲ್ಲ. ಆಮೇಲೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಅದನ್ನೇ ಮುಖ್ಯ ಸಾಧನ ಎಂದು ಆರಿಸಿದೆ. ತಂಬೂರಿ ಕೋಣೆ ತುಂಬ ಮೊಳಗಿತು. ಎಂದರೆ ಇಬ್ಬರ ಮಾತೂ ನಿಜವಾಯಿತು, ಒಂದರ ಮೇಲೊಂದು ಎರಡು ತಪ್ಪುಗಳಿದ್ದವು. ರಿಪೇರಿ ಮೇಜು ಅವರಿಗೂ ಬೆಸುಗೆ ಅವರಿಗೂ ಹೃದಯದಿಂದ ಕೃತಜ್ಞತೆಗಳು.

ಕಿವಿಯೇ ಕಣ್ಣು · 5.20

ಷಡ್ಜ ಅವರಿಗೆ ಧ್ವನಿ ಮರಳಿದ್ದು ಬಹಳ ಸಂತೋಷ. ನನಗೆ ಕಣ್ಣು ಕಾಣುವುದಿಲ್ಲ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ, ಅದರೊಂದಿಗೆ ಬರುವ ಇ-ಸ್ಪೀಕ್ ಧ್ವನಿಯಲ್ಲಿ ಕನ್ನಡವನ್ನೂ ಓದಿಸಿಕೊಳ್ಳಬಹುದು. ನೀವು ಮೇಲೆ ಬರೆದದ್ದನ್ನೆಲ್ಲ ನಾನು ಹಾಗೆಯೇ ಕೇಳಿಸಿಕೊಂಡೆ. ನಿಮಗೆ ಧ್ವನಿ ಹೋದರೆ ಹಸಿರು ಗೆರೆಯಾದರೂ ಕಾಣುತ್ತದೆ. ನನಗೆ ಧ್ವನಿ ಹೋದರೆ ಕಂಪ್ಯೂಟರೇ ಹೋದ ಹಾಗೆ. ಕಳೆದ ವರ್ಷ ನಮ್ಮ ಕಚೇರಿಯಲ್ಲಿ ಮಾನಿಟರ್ ಬದಲಾಯಿಸಿದ ದಿನ ನಾನು ಅರ್ಧ ದಿನ ಸುಮ್ಮನೆ ಕುಳಿತಿದ್ದೆ, ಏಕೆಂದರೆ ಪಕ್ಕದವರೆಲ್ಲ "ಆನ್ ಆಗಿದೆಯಲ್ಲ, ಚೆನ್ನಾಗಿದೆ" ಎನ್ನುತ್ತಿದ್ದರು.

ಅಂದಿನಿಂದ ನಾನು ಮೇಜಿನ ಖಾನೆಯಲ್ಲಿ ಯುಎಸ್‌ಬಿ ಹೆಡ್‌ಫೋನ್ ಒಂದನ್ನು ಇಟ್ಟುಕೊಂಡಿದ್ದೇನೆ. ಯುಎಸ್‌ಬಿ ಹೆಡ್‌ಫೋನಿನೊಳಗೆ ಅದರದೇ ಆದ ಧ್ವನಿ ಚಿಪ್ ಇರುತ್ತದೆ. ಚುಚ್ಚಿದ ಕೂಡಲೇ ವಿಂಡೋಸ್ ಸಾಮಾನ್ಯವಾಗಿ ಅದನ್ನೇ ಮುಖ್ಯ ಸಾಧನವನ್ನಾಗಿ ಮಾಡಿಕೊಳ್ಳುತ್ತದೆ. ನಿಮ್ಮ ಧ್ವನಿಯನ್ನು ಮಾನಿಟರಿಗೆ ಕೊಟ್ಟ ಅದೇ ಅಭ್ಯಾಸ ನಮಗೆ ಇಲ್ಲಿ ನೆರವಾಗುತ್ತದೆ. ಅದು ಮಾತಾಡತೊಡಗಿದ ಮೇಲೆ ಉಳಿದ ಸೆಟ್ಟಿಂಗುಗಳನ್ನು ನಿಧಾನವಾಗಿ ಸರಿಪಡಿಸಬಹುದು. ಎನ್‌ವಿಡಿಎ ಮಾತಾಡದಿದ್ದರೆ ವಿಂಡೋಸ್, ಕಂಟ್ರೋಲ್, ಎಂಟರ್ ಒಟ್ಟಿಗೆ ಒತ್ತಿದಾಗ ವಿಂಡೋಸಿನದೇ ಓದಿ ಹೇಳುವ ತಂತ್ರಾಂಶ ನರೇಟರ್ ಶುರುವಾಗುತ್ತದೆ. ನಿಮ್ಮ ಮನೆಯಲ್ಲೋ ಕಚೇರಿಯಲ್ಲೋ ದೃಷ್ಟಿ ಇಲ್ಲದವರು ಬಳಸುವ ಕಂಪ್ಯೂಟರ್ ಇದ್ದರೆ, ಹೊಸ ಮಾನಿಟರ್ ಹಾಕಿ ಎದ್ದುಹೋಗುವ ಮುನ್ನ ಒಮ್ಮೆ ಧ್ವನಿ ಬರುತ್ತಿದೆಯೇ ಎಂದು ಕೇಳಿ ಹೋಗಿ. ಇದು ನನ್ನ ಕಳಕಳಿಯ ವಿನಂತಿ.

ಹೊಸಪೇಟೆ ಹುಡುಗ · 5.27

ಇದು ನನಗೆ ಹೊಳೆದೇ ಇರಲಿಲ್ಲ ಸರ್. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಸೋಮವಾರವೇ ಹೇಳುತ್ತೇನೆ.

ಹಳೆಯ ಜಂಪರ್ · 5.44

ಈ ಚರ್ಚೆ ಓದುತ್ತ ನನಗೆ ಹುಬ್ಬಳ್ಳಿಯಲ್ಲಿ ಅಂಗಡಿ ಇಟ್ಟಿದ್ದ 1996ರ ದಿನಗಳು ನೆನಪಾದವು. ಆಗ ಮದರ್‌ಬೋರ್ಡಿನಲ್ಲಿ ಧ್ವನಿ ಇರುತ್ತಿದ್ದುದೇ ಅಪರೂಪ. ಸೌಂಡ್ ಬ್ಲಾಸ್ಟರ್ ಅಥವಾ ಅದಕ್ಕೆ ಹೊಂದುವ ಕಾರ್ಡನ್ನು ಬೇರೆ ಕೊಂಡು ಹಾಕಬೇಕಿತ್ತು. ಡಾಸ್ ಆಟಗಳಿಗೆ ವಿಳಾಸ 220, ಐಆರ್‌ಕ್ಯೂ 5 (ಕಾರ್ಡ್ ಪ್ರೊಸೆಸರನ್ನು ಕರೆಯುವ ದಾರಿ), ಡಿಎಂಎ 1 (ಮೆಮೊರಿಗೆ ನೇರ ದಾರಿ) ಎಂದು ನಾವೇ ಬರೆದುಕೊಡಬೇಕು. ಕೆಲವು ಕಾರ್ಡುಗಳಲ್ಲಿ ಅದಕ್ಕೆ ತಕ್ಕಂತೆ ಚಿಮಟದಿಂದ ಎರಡು ಪಿನ್ನುಗಳನ್ನು ಕೂಡಿಸುವ ಸಣ್ಣ ಜಂಪರುಗಳನ್ನು ಕಿತ್ತು ಕೂರಿಸಬೇಕು. ಒಬ್ಬ ಗಿರಾಕಿ ಬಂದು, ಬಿಲ್ ಪ್ರಿಂಟ್ ಮಾಡುವಾಗಲೆಲ್ಲ ಹಾಡು ನಿಂತುಹೋಗುತ್ತದೆ ಎಂದು ದೂರಿದರು. ಕಾರ್ಡನ್ನು ಐಆರ್‌ಕ್ಯೂ 7ಕ್ಕೆ ಹಾಕಿದ್ದೆವು, ಪ್ರಿಂಟರಿನ ಪೋರ್ಟೂ ಅದನ್ನೇ ಬಳಸುತ್ತಿತ್ತು. ಜಂಪರ್ ಒಂದನ್ನು ಪಕ್ಕಕ್ಕೆ ಸರಿಸಿದ ಮೇಲೆ ಸರಿಯಾಯಿತು. ಯಾವುದು ಎಲ್ಲಿಗೆ ಜೋಡಣೆಯಾಗಿದೆ ಎಂಬುದು ಆಗ ಕಣ್ಣೆದುರಿಗೇ ಇರುತ್ತಿತ್ತು. ಈಗ ಯಂತ್ರ ತಾನೇ ತೀರ್ಮಾನಿಸುತ್ತದೆ, ನಮಗೆ ಹೇಳುವುದಿಲ್ಲ. ನನಗೆ ಹಳೆಯದೇ ಮೇಲೆನಿಸುತ್ತದೆ.

ರಿಪೇರಿ ಮೇಜು · 5.51

ಜಂಪರ್ ಅವರೇ, ನಿಮ್ಮ ಮೇಲಿನ ಗೌರವದಿಂದಲೇ ಭಿನ್ನವಾಗಿ ಹೇಳುತ್ತೇನೆ. ಆ ಕಾಲದಲ್ಲಿ ಷಡ್ಜ ಅವರು ಈ ಕೆಲಸವನ್ನು ಮನೆಯಲ್ಲಿ ಕುಳಿತು ತಾವೇ ಮಾಡಿಕೊಳ್ಳಲು ಸಾಧ್ಯವಿರಲಿಲ್ಲ, ನಿಮ್ಮ ಅಂಗಡಿಗೆ ಹೊತ್ತು ತರಬೇಕಿತ್ತು.

ಹಳೆಯ ಜಂಪರ್ · 5.55

ಅದೂ ನಿಜವೇ. ಆದರೆ ಹೊಸ ಸಾಧನ ಬಂದಾಗ "ಇದಕ್ಕೆ ಬದಲಾಯಿಸಲೇ?" ಎಂದು ಒಂದು ಮಾತು ಕೇಳಿದರೆ ಯಂತ್ರದ ಗಂಟೇನು ಹೋಗುತ್ತಿತ್ತು? ನನ್ನ ಆಕ್ಷೇಪ ಅಷ್ಟೇ.

ಲಿನಕ್ಸ್ ಪಡಸಾಲೆ · 6.10

ಲಿನಕ್ಸ್ ಬಳಸುವವರು ಇಲ್ಲಿಗೆ ಬಂದರೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ಅಲ್ಲಿಯೂ ಕಥೆ ಇದೇ. ಟರ್ಮಿನಲ್ಲಿನಲ್ಲಿ ಆಲ್ಸಾಮಿಕ್ಸರ್ ಎಂಬ ಧ್ವನಿ ಹೊಂದಿಸುವ ಪ್ರೋಗ್ರಾಂ ತೆರೆದು ಎಫ್6 ಒತ್ತಿ ಮದರ್‌ಬೋರ್ಡಿನ ಕಾರ್ಡನ್ನು ಆರಿಸಿ. ಪಟ್ಟಿಯ ಬುಡದಲ್ಲಿ ಎಂಎಂ ಎಂಬ ಎರಡಕ್ಷರವಿದ್ದರೆ ಅದು ಮ್ಯೂಟ್ ಆಗಿದೆ, ಎಂ ಒತ್ತಿದರೆ ತೆರೆಯುತ್ತದೆ. ಉಬುಂಟು 22.10ರಿಂದ ಧ್ವನಿಯ ವ್ಯವಸ್ಥೆ ಪೈಪ್‌ವೈರ್‌ಗೆ ಬದಲಾಗಿದ್ದರೂ ಪಲ್ಸ್ ಆಡಿಯೋ ಕಾಲದ ವಾಲ್ಯೂಮ್ ಕಂಟ್ರೋಲ್ ಕಿಟಕಿ ಈಗಲೂ ಕೆಲಸ ಮಾಡುತ್ತದೆ. ಅದರ ಕಾನ್ಫಿಗರೇಶನ್ ಪುಟದಲ್ಲಿ ಎಚ್‌ಡಿಎಂಐ ಕಾರ್ಡನ್ನು ಆಫ್ ಮಾಡಿದರೆ ಅದು ಮತ್ತೆ ಅಡ್ಡ ಬರುವುದಿಲ್ಲ.

ಷಡ್ಜ · ರಾತ್ರಿ 8.15

ಮತ್ತೆ ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ. ನಾಳೆಯ ಪಾಠಕ್ಕೆ ಮುಂಚೆ ಒಮ್ಮೆ ನೋಡಿಬಿಡೋಣವೆಂದು ಬೆಂಗಳೂರಿನಲ್ಲಿರುವ ಶಿಷ್ಯೆಯೊಬ್ಬಳೊಡನೆ ಜೂಮ್ ಕರೆ ಹಚ್ಚಿದೆ. ಮೊದಲೆಲ್ಲ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಫೋನಿನ ಮೂಲಕ ಪಾಠ ಮಾಡುತ್ತಿದ್ದೆ, ಕಂಪ್ಯೂಟರಿನಲ್ಲಿ ತಂಬೂರಿ ಮಾತ್ರ ನುಡಿಯುತ್ತಿತ್ತು. ಈಗ ಎರಡನ್ನೂ ಕಂಪ್ಯೂಟರಿನಲ್ಲೇ ಮಾಡಬೇಕೆಂದಿದ್ದೇನೆ. ಕರೆ ಕೂಡಿಕೊಂಡ ಕ್ಷಣವೇ ತಂಬೂರಿಯ ಧ್ವನಿ ಕುಗ್ಗಿಹೋಗುತ್ತದೆ. ಕರೆ ಮುಗಿಸಿದರೆ ಮತ್ತೆ ಏರುತ್ತದೆ. ಅತ್ತ ಶಿಷ್ಯೆ, "ಗುರುಗಳೇ, ತಂಬೂರಿ ಎರಡು ಸೆಕೆಂಡ್ ಕೇಳಿ ಮಾಯವಾಗುತ್ತದೆ, ನೀವು ಹಾಡಿದಾಗ ಮಾತ್ರ ತುಸು ಬರುತ್ತದೆ" ಎನ್ನುತ್ತಾಳೆ. ಇದೂ ಹೊಸ ಕಾರ್ಡಿನ ಕಾಟವೇ?

ಸಾಗರದಾಚೆ · 8.29

ಇದು ಕಾರ್ಡಿನ ದೋಷವಲ್ಲ. ಜೂಮ್ ಗದ್ದಲವನ್ನು ತೆಗೆದುಹಾಕಲು ಹೋಗಿ ತಂಬೂರಿಯನ್ನೂ ತೆಗೆಯುತ್ತಿದೆ. ನನ್ನ ಮಗಳು ಇಲ್ಲಿಂದ ಮೈಸೂರಿನ ಗುರುಗಳಲ್ಲಿ ವೀಣೆ ಕಲಿಯುತ್ತಾಳೆ, ನಮಗೂ ಹೀಗಾಗಿತ್ತು.

ರಿಪೇರಿ ಮೇಜು · 8.34

ಅಲ್ಲ, ಅವರ ಕೋಣೆಯಲ್ಲೇ ತಂಬೂರಿ ಕುಗ್ಗುತ್ತಿದೆ ಎಂದಿದ್ದಾರೆ. ಅದು ವಿಂಡೋಸಿನ ಕೆಲಸ. ಅದೇ ಸೌಂಡ್ ಫಲಕದ ಕೊನೆಯ ಪುಟ ಕಮ್ಯುನಿಕೇಶನ್ಸ್. ಕರೆ ಬಂದಾಗ ಮಿಕ್ಕ ಧ್ವನಿಗಳನ್ನು ಶೇ 80ರಷ್ಟು ತಗ್ಗಿಸು ಎಂಬ ಆಯ್ಕೆ ಅಲ್ಲಿ ಮೊದಲಿನಿಂದಲೇ ಒತ್ತಿರುತ್ತದೆ. ಫೋನಿನಲ್ಲಿ ಪಾಠ ಮಾಡುವಾಗ ಕಂಪ್ಯೂಟರಿಗೆ ಕರೆಯ ಸುಳಿವೇ ಇರಲಿಲ್ಲ, ಹಾಗಾಗಿ ಇದು ಈವರೆಗೆ ನಿಮ್ಮ ಗಮನಕ್ಕೆ ಬಂದಿಲ್ಲ. "ಡೂ ನಥಿಂಗ್" ಎಂಬುದನ್ನು ಆರಿಸಿ ಓಕೆ ಕೊಡಿ.

ಸಾಗರದಾಚೆ · 8.41

ನೀವು ಹೇಳಿದ್ದು ಅವರ ಕೋಣೆಯ ಮಟ್ಟಿಗೆ ಸರಿ. ಆದರೆ ಶಿಷ್ಯೆಗೆ ಎರಡು ಸೆಕೆಂಡ್ ಕೇಳಿ ಮಾಯವಾಗುವುದನ್ನು ಅದು ವಿವರಿಸುವುದಿಲ್ಲ. ಎರಡೂ ಬೇರೆ ಬೇರೆ ತೊಂದರೆಗಳು. ಗದ್ದಲ ನಿವಾರಣೆ ಮಾಡುವ ತಂತ್ರಾಂಶ ಏರಿಳಿತವಿಲ್ಲದೆ ಒಂದೇ ಸಮನೆ ಬರುವ ಧ್ವನಿಯನ್ನು ಫ್ಯಾನಿನ ಸದ್ದು ಎಂದು ತಿಳಿಯುತ್ತದೆ. ಮಾತು ತಡೆತಡೆದು ಬರುತ್ತದೆ, ಫ್ಯಾನ್ ತಡೆಯಿಲ್ಲದೆ ಬರುತ್ತದೆ ಎಂಬುದೇ ಅದಕ್ಕೆ ಗೊತ್ತಿರುವ ವ್ಯತ್ಯಾಸ. ತಂಬೂರಿಯ ಗುಣವೇ ತಡೆಯಿಲ್ಲದೆ ತುಂಬಿಕೊಂಡಿರುವುದು, ಆದ್ದರಿಂದ ಅದು ಪಾಪ ಫ್ಯಾನಿನ ಸಾಲಿಗೆ ಸೇರಿಬಿಡುತ್ತದೆ. ನಮ್ಮ ಸಂಗೀತಕ್ಕೆ ಆಧಾರವಾದದ್ದನ್ನೇ ಕಸವೆಂದು ಗುಡಿಸುವ ಈ ಸೆಟ್ಟಿಂಗನ್ನು ಪ್ರತಿಯೊಬ್ಬ ಸಂಗೀತ ಶಿಕ್ಷಕರೂ ತಿಳಿದಿರಬೇಕು.

ಜೂಮ್‌ನ ಸೆಟ್ಟಿಂಗ್ಸ್ ಒಳಗೆ ಆಡಿಯೋ ಪುಟದಲ್ಲಿ "ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಶಿಯನ್ಸ್" ಎಂಬ ಆಯ್ಕೆ ಇದೆ, ಅದನ್ನು ಆರಿಸಿ. ನಂತರ ಕರೆಯೊಳಗೂ ಅದೇ ಹೆಸರಿನ ಗುಂಡಿ ಬರುತ್ತದೆ, ಅದು ಆನ್ ಆಗಿದೆಯೇ ಎಂದು ನೋಡಿಕೊಳ್ಳಿ. ಒಂದು ಎಚ್ಚರಿಕೆ: ಪ್ರತಿಧ್ವನಿ ತಡೆಯುವುದನ್ನೂ ಆಫ್ ಮಾಡಿದರೆ ನಿಮ್ಮ ಸ್ಪೀಕರಿನಿಂದ ಬರುವ ಶಿಷ್ಯರ ಧ್ವನಿ ನಿಮ್ಮ ಮೈಕಿನ ಮೂಲಕ ಅವರಿಗೇ ಹಿಂದಿರುಗುತ್ತದೆ, ಆಗ ಹೆಡ್‌ಫೋನ್ ಹಾಕಿಕೊಳ್ಳಲೇಬೇಕು. ಹೆಡ್‌ಫೋನ್ ಹಾಕಿಕೊಂಡರೆ ತಂಬೂರಿ ಮೈಕಿಗೆ ಸಿಗುವುದಿಲ್ಲ, ಆಗ ಸ್ಕ್ರೀನ್ ಷೇರ್ ಒಳಗಿನ ಕಂಪ್ಯೂಟರ್ ಆಡಿಯೋ ಆಯ್ಕೆಯಿಂದ ಅದನ್ನು ನೇರವಾಗಿ ಕಳುಹಿಸಿ.

ಹೊಸಪೇಟೆ ಹುಡುಗ · 8.50

ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡ ಗುರುಗಳೇ. ಅದರ ಮೈಕ್ ಶುರುವಾದ ಕೂಡಲೇ ಸಾಮಾನ್ಯ ಬ್ಲೂಟೂತ್ ಸಾಧನಗಳು ಸಂಗೀತದ ಕ್ರಮವನ್ನು ಬಿಟ್ಟು ಫೋನ್ ಕರೆಯ ಕ್ರಮಕ್ಕೆ ಇಳಿಯುತ್ತವೆ, ಧ್ವನಿ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ತಂತಿಯದೇ ಒಳ್ಳೆಯದು.

ಷಡ್ಜ · ರಾತ್ರಿ 9.35

ಎರಡೂ ಮಾಡಿದೆ, ಎರಡೂ ಬೇಕಾಗಿದ್ದವು. ಶಿಷ್ಯೆಗೆ ತಂಬೂರಿ ನಿಂತು ಕೇಳುತ್ತಿದೆ. ಅವಳು ಒಂದು ನಿಮಿಷ ಏನನ್ನೂ ಹಾಡದೆ ಸುಮ್ಮನೆ ಕೇಳಿ, "ಈಗ ನಿಮ್ಮ ಮನೆಯಲ್ಲೇ ಕುಳಿತ ಹಾಗಿದೆ" ಎಂದಳು.

ಇದೆಲ್ಲ ಸರಿಯಾದ ಮೇಲೆಯೇ ಇನ್ನೊಂದು ಕಿವಿಗೆ ಬಿತ್ತು. ಸ್ಪೀಕರಿನಲ್ಲಿ ಸಣ್ಣದಾಗಿ ಗುಂಯ್ ಎಂಬ ಸದ್ದು ಸದಾ ಇದೆ, ಮೊದಲು ಇರಲಿಲ್ಲ. ನನ್ನ ಶ್ರುತಿ ಕಾಳಿ ಏಕ್, ಎಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ. ಈ ಸದ್ದು ತೀವ್ರ ಮಧ್ಯಮಕ್ಕಿಂತ ತುಸು ಮೇಲೆ, ಪಂಚಮಕ್ಕಿಂತ ತುಸು ಕೆಳಗೆ ನಿಂತಿದೆ. ತಂಬೂರಿಯ ಮೊದಲ ತಂತಿ ನುಡಿದಾಗ ಅದರೊಡನೆ ಕೂಡಿ ಅಲೆಅಲೆಯಾಗಿ ನಡುಗುತ್ತದೆ. ತೀವ್ರ ಮಧ್ಯಮದ ಯಮನ್ ರಾಗವನ್ನು ಕಲಿಯುವ ಮಕ್ಕಳ ಕಿವಿಗೆ ಇದು ಬೀಳಬಾರದು.

ಬೆಸುಗೆ · 9.52

ಷಡ್ಜ ಅವರೇ, ನಿಮ್ಮ ಕಿವಿ ಅಳತೆಯ ಉಪಕರಣಕ್ಕಿಂತ ಕಡಿಮೆಯಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಸ್, ಅದರಿಂದ ಹುಟ್ಟುವ ಗುಂಯ್ ಅದರ ಎರಡರಷ್ಟಾದ 100ರಲ್ಲೂ ಕೇಳುತ್ತದೆ. ಕಾಳಿ ಏಕ್ ಷಡ್ಜ ಸುಮಾರು 138.6 ಹರ್ಟ್ಸ್, ಅದರ ಮಂದ್ರ ಪಂಚಮ ಸುಮಾರು 104, ಮಂದ್ರ ತೀವ್ರ ಮಧ್ಯಮ 97ರಿಂದ 98ರ ಆಸುಪಾಸು. 100 ಹರ್ಟ್ಸಿನ ಗುಂಯ್ ನೀವು ಹೇಳಿದ ಜಾಗದಲ್ಲೇ ಬಂದು ಕೂರುತ್ತದೆ. 104 ಮತ್ತು 100 ಒಟ್ಟಿಗೆ ನುಡಿದರೆ ಸೆಕೆಂಡಿಗೆ ಸುಮಾರು ನಾಲ್ಕು ಅಲೆಗಳು. ನೀವು ಕೇಳಿದ ನಡುಕ ಅದೇ.

ಇದು ಬಹುಮಟ್ಟಿಗೆ ಅರ್ಥಿಂಗಿನ ಸುತ್ತು, ಇಂಗ್ಲಿಷಿನಲ್ಲಿ ಗ್ರೌಂಡ್ ಲೂಪ್. ಹೊಸ ಮಾನಿಟರ್ ಒಂದು ಪ್ಲಗ್ಗಿನಿಂದ, ಕಂಪ್ಯೂಟರ್ ಮತ್ತು ಸ್ಪೀಕರ್ ಇನ್ನೊಂದರಿಂದ ವಿದ್ಯುತ್ ಪಡೆಯುತ್ತಿದ್ದರೆ, ಎರಡು ಪ್ಲಗ್ಗುಗಳ ಅರ್ಥಿನ ನಡುವೆ ಇರುವ ಸಣ್ಣ ವ್ಯತ್ಯಾಸ ಎಚ್‌ಡಿಎಂಐ ಕೇಬಲಿನ ಹೊದಿಕೆಯ ಮೂಲಕ ಹರಿದು ಧ್ವನಿಯ ತಂತಿಗೆ ಸೇರಿಕೊಳ್ಳುತ್ತದೆ. ಪರೀಕ್ಷೆ ಸುಲಭ: ಸ್ಪೀಕರ್ ಹಚ್ಚಿಟ್ಟು, ಎಚ್‌ಡಿಎಂಐ ಕೇಬಲನ್ನು ಒಮ್ಮೆ ಕಿತ್ತು ಕೇಳಿ. ಗುಂಯ್ ನಿಂತರೆ ಕಾರಣ ಇದೇ.

ವೇಗದೂತ · 9.58

ಮಾನಿಟರಿನ ಪ್ಲಗ್ಗಿನಲ್ಲಿ ದಪ್ಪನೆಯ ಅರ್ಥ್ ಪಿನ್ ಇರುತ್ತದಲ್ಲ, ಅದನ್ನು ತೆಗೆದು ಎರಡು ಪಿನ್ನಿನ ಅಡಾಪ್ಟರ್ ಹಾಕಿದರೆ ಗುಂಯ್ ನಿಲ್ಲುತ್ತದೆ. ನಾನು ಮಾಡಿದ್ದೇನೆ.

ಬೆಸುಗೆ · 10.02

ಗುಂಯ್ ನಿಲ್ಲುತ್ತದೆ ಎಂಬುದು ನಿಜ, ಆದರೂ ಯಾರೂ ಹೀಗೆ ಮಾಡಬೇಡಿ. ಯಂತ್ರದೊಳಗೆ ಎಂದಾದರೂ ಸೋರಿಕೆಯಾದರೆ 230 ವೋಲ್ಟನ್ನು ನೆಲಕ್ಕೆ ಒಯ್ದು ನಿಮ್ಮನ್ನು ಉಳಿಸುವುದು ಆ ಪಿನ್. ಅದನ್ನು ತೆಗೆದರೆ ಆ ವಿದ್ಯುತ್ತು ಮೈಕ್ ಹಿಡಿದವರ ಕೈ ಮೂಲಕ ಹೋಗುತ್ತದೆ. ವೇಗದೂತ ಅವರೇ, ನಿಮ್ಮ ಮನೆಯ ಅಡಾಪ್ಟರನ್ನೂ ಇಂದೇ ತೆಗೆದುಬಿಡಿ ಎಂದು ಕೈಮುಗಿದು ಕೇಳುತ್ತೇನೆ.

ಷಡ್ಜ ಅವರು ಮಾಡಬೇಕಾದದ್ದು ಬೇರೆ. ಕಂಪ್ಯೂಟರ್, ಮಾನಿಟರ್, ಸ್ಪೀಕರ್ ಮೂರನ್ನೂ ಒಳ್ಳೆಯ ಒಂದೇ ಸ್ಪೈಕ್ ಬಸ್ಟರಿಗೆ, ಒಂದೇ ಗೋಡೆಯ ಪ್ಲಗ್ಗಿಗೆ ಚುಚ್ಚಿ. ಅಷ್ಟಕ್ಕೆ ಹೋಗದಿದ್ದರೆ ಸ್ಪೀಕರಿನ ತಂತಿಯ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಸಣ್ಣ ಡಬ್ಬಿ ಹಾಕಬಹುದು; ಅದರೊಳಗಿನ ಟ್ರಾನ್ಸ್‌ಫಾರ್ಮರ್ ಧ್ವನಿಯನ್ನು ದಾಟಿಸಿ, ನೇರ ಸಂಪರ್ಕವನ್ನು ಕಡಿಯುತ್ತದೆ.

ವೇಗದೂತ · 10.09

ನನಗೆ ಇದು ತಿಳಿದಿರಲಿಲ್ಲ. ಅಡಾಪ್ಟರ್ ಈಗಲೇ ತೆಗೆದೆ.

ಷಡ್ಜ · ಭಾನುವಾರ, ಬೆಳಿಗ್ಗೆ 7.20

ಪಾಠ ಮುಗಿಸಿ ಬರೆಯುತ್ತಿದ್ದೇನೆ. ರಾತ್ರಿಯೇ ಮೂರನ್ನೂ ಒಂದೇ ಸ್ಪೈಕ್ ಬಸ್ಟರಿಗೆ ಚುಚ್ಚಿದೆ. ಗುಂಯ್ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಮಕ್ಕಳಿಬ್ಬರೂ ಯಮನ್‌ನ ಬಂದಿಶನ್ನು ಒಪ್ಪಿಸಿದರು. ಚಿಕ್ಕವಳು ತೀವ್ರ ಮಧ್ಯಮವನ್ನು ಮುಟ್ಟಿ ನಿಲ್ಲುವಾಗ ಅದರ ಹಿಂದೆ ತಂಬೂರಿಯಲ್ಲದೆ ಬೇರೇನೂ ಇರಲಿಲ್ಲ.

ಆದರೆ ಇಂದು ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದಾಗ ಧ್ವನಿ ಮತ್ತೆ ಮಾನಿಟರಿಗೆ ಹೋಗಿತ್ತು. ರಾತ್ರಿ ಅದು ತಾನಾಗಿಯೇ ಯಾವುದೋ ಅಪ್‌ಡೇಟ್ ಹಾಕಿಕೊಂಡಿದೆ. ವಿಂಡೋಸ್, ಕಂಟ್ರೋಲ್, ವಿ ಒತ್ತಿ ಅರ್ಧ ನಿಮಿಷದಲ್ಲಿ ಸರಿ ಮಾಡಿಕೊಂಡೆ. ಹೀಗೆ ಪ್ರತಿ ಸಲವೂ ಮಾಡಬೇಕೇ? ಪಕ್ಕದ ಕೋಣೆಯ ಫ್ರಿಜ್ ಶುರುವಾದಾಗ ಸಣ್ಣದಾಗಿ ಗುಂಯ್ ಬರುವುದೂ ಇನ್ನೂ ಇದೆ. ನಾಳೆ ಎಲೆಕ್ಟ್ರಿಷಿಯನ್ ಬರುತ್ತಾರೆ.

ರಿಪೇರಿ ಮೇಜು · 7.48

ಪಾಠ ನಡೆದದ್ದು ಕೇಳಿ ನನಗೂ ಸಮಾಧಾನವಾಯಿತು. ಮಾನಿಟರಿನ ಧ್ವನಿ ನಿಮಗೆ ಎಂದೂ ಬೇಡವೆಂದಾದರೆ ಅದೇ ಪ್ಲೇಬ್ಯಾಕ್ ಪುಟದಲ್ಲಿ ಮಾನಿಟರಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಮಾಡಿಬಿಡಿ. ಚಿತ್ರಕ್ಕೆ ಏನೂ ಆಗುವುದಿಲ್ಲ. ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಹಾಕಿದಾಗ ಮಾತ್ರ ಅದು ಮತ್ತೆ ಎದ್ದು ಬರಬಹುದು, ಆಗ ಇನ್ನೊಮ್ಮೆ ಮಾಡಿ.

ಬೆಸುಗೆ · 8.05

ಎಲೆಕ್ಟ್ರಿಷಿಯನ್ ಬಂದಾಗ ಕಂಪ್ಯೂಟರಿನ ಪ್ಲಗ್ಗಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎಷ್ಟು ವೋಲ್ಟ್ ಇದೆ ಎಂದು ಮೀಟರಿನಲ್ಲಿ ಅಳೆಯಿಸಿ, ಫ್ರಿಜ್ ಆಫ್ ಇದ್ದಾಗ ಒಮ್ಮೆ, ಓಡುವಾಗ ಒಮ್ಮೆ. ಒಂದೆರಡು ವೋಲ್ಟಿದ್ದರೆ ಚಿಂತೆಯಿಲ್ಲ. ಹತ್ತು ಹದಿನೈದು ತೋರಿಸಿದರೆ ಅರ್ಥಿಂಗಿಗಾಗಿ ನೆಲದಲ್ಲಿ ತೋಡಿದ ಗುಂಡಿ ಒಣಗಿರಬಹುದು ಅಥವಾ ಎಲ್ಲೋ ಜೋಡಣೆ ಸಡಿಲವಾಗಿರಬಹುದು. ಗುಂಡಿಗೆ ಒಂದು ಕೊಡ ನೀರು ಹಾಕಿ ಮತ್ತೆ ಅಳೆಯಲು ಹೇಳಿ. ಎರಡು ಅಂಕಿಗಳನ್ನೂ ಇಲ್ಲಿ ಬರೆಯಿರಿ, ಐಸೊಲೇಟರ್ ಕೊಳ್ಳಬೇಕೋ ಬೇಡವೋ ಎಂಬುದನ್ನು ಆಮೇಲೆ ನೋಡೋಣ.